ದಶಮಾಂಶ ಕೊಟ್ಟರೆ ಆಸ್ತಿ ಹೆಚ್ಚುತ್ತದೆಯೇ?

ಪ್ರಶ್ನೆ: ಮಾನ್ಯ ಸಭಾಪಾಲಕರೇ, ನನ್ನ ಪತಿ ಹದಿನೆಂಟು ವರ್ಷ ಗಲ್ಫ್‌ನಲ್ಲಿ ದುಡಿದು ಉಳಿಸಿದ ಹಣದಲ್ಲಿ ನಾವು ಊರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪ್ರಾರ್ಥನೆಗೆಂದು ಬಂದ ಬೋಧಕರೊಬ್ಬರು ಬೈಬಲಿನ ಮಲಾಕಿಯ ಗ್ರಂಥವನ್ನು ಓದಿ, ದಶಮಾಂಶವನ್ನು, ಅಂದರೆ ವರಮಾನದ ಹತ್ತನೆಯ ಒಂದು ಪಾಲನ್ನು, ಸಾಲ ಮಾಡಿಯಾದರೂ ಕೊಡಬೇಕೆಂದೂ, ಕೊಟ್ಟರೆ ದೇವರು ಹಲವು ಪಟ್ಟು ಹಿಂದಿರುಗಿಸುತ್ತಾನೆಂದೂ ಹೇಳಿದರು. ನಮ್ಮ ಅತ್ತೆಯವರಾದರೋ, ಐಶ್ವರ್ಯವಂತರಿಗೆ ದೇವರ ರಾಜ್ಯ ಕಷ್ಟವೆಂದು ಯೇಸುಸ್ವಾಮಿಯೇ ಹೇಳಿರುವಾಗ ಇಷ್ಟು ದೊಡ್ಡ ಮನೆ ಏಕೆಂದು ಕೇಳುತ್ತಾರೆ. ಯಾರ ಮಾತು ಸರಿ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಸಹೋದರಿ, ಬೋಧಕರ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಂಥ ಮಾತು ನಂಬಿ ಸಾಲಕ್ಕೆ ಬಿದ್ದ ಕುಟುಂಬಗಳನ್ನು ನಾನು ಕಂಡಿದ್ದೇನೆ. ಮಲಾಕಿಯ 3:10ರಲ್ಲಿ ದಶಮಾಂಶವನ್ನು ಬಂಡಾರಕ್ಕೆ ತರಬೇಕೆಂದು ಹೇಳುವ ದೇವರು, ತನ್ನ ಆಲಯದಲ್ಲಿ ಆಹಾರವಿರಬೇಕೆಂಬ ಕಾರಣವನ್ನೂ ಅಲ್ಲಿಯೇ ಕೊಡುತ್ತಾನೆ. ಆ ಆಹಾರವು ಆಲಯದ ಸೇವೆ ಮಾಡುತ್ತಿದ್ದ, ಸ್ವಂತ ಭೂಮಿಯ ಪಾಲಿಲ್ಲದ ಲೇವಿ ಕುಲದವರಿಗೆ ಸೇರಿದ್ದು. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದ ಪ್ರಕಾರ ಮೂರು ವರ್ಷಕ್ಕೊಮ್ಮೆ ಅದು ಪರದೇಶಿ, ಅನಾಥ ಮತ್ತು ವಿಧವೆಯರ ಊಟವೂ ಆಗಿತ್ತು. ಆಕಾಶದ ದ್ವಾರಗಳು ತೆರೆಯುವವೆಂಬ ವಾಗ್ದಾನವನ್ನು ಹೊಲ, ದ್ರಾಕ್ಷಾತೋಟಗಳನ್ನು ನೆಚ್ಚಿ ಬದುಕಿದ ಒಂದು ಜನಾಂಗಕ್ಕೆ ಕೊಡಲಾಯಿತೇ ಹೊರತು, ಒಬ್ಬೊಬ್ಬರ ಖಾತೆಗೆ ಲೆಕ್ಕ ಕಟ್ಟಿ ಕೊಟ್ಟದ್ದಲ್ಲ. ಹೆಚ್ಚು ಬರಲೆಂದು ಕೊಡುವುದು ಕಾಣಿಕೆಯಲ್ಲ, ಅದು ವ್ಯಾಪಾರ. ಸಾಲ ಮಾಡಿ ಕೊಡಬೇಡಿ.

ಅತ್ತೆಯವರ ಆತಂಕ ಹೆಚ್ಚು ಗೌರವಕ್ಕೆ ಅರ್ಹವಾದದ್ದು. ಐಶ್ವರ್ಯವಂತನು ದೇವರ ರಾಜ್ಯವನ್ನು ಸೇರುವುದಕ್ಕಿಂತ ಒಂಟೆಯು ಸೂಜಿಯ ಕಣ್ಣಿನಲ್ಲಿ ನುಗ್ಗುವುದು ಸುಲಭವೆಂಬ ಮಾತನ್ನು ಹಗುರ ಮಾಡಲು, ಯೆರೂಸಲೇಮಿನಲ್ಲಿ ಆ ಹೆಸರಿನ ಕಿರಿದಾದ ಬಾಗಿಲೊಂದಿತ್ತು, ಹೊರೆ ಇಳಿಸಿದರೆ ಒಂಟೆ ದಾಟುತ್ತಿತ್ತು ಎಂದು ಕೆಲವರು ಪ್ರಸಂಗಗಳಲ್ಲಿ ಹೇಳುವುದುಂಟು. ಅಂಥ ಬಾಗಿಲಿಗೆ ಯಾವ ಪುರಾವೆಯೂ ಇಲ್ಲ. ಯೇಸುಸ್ವಾಮಿ ಅಸಾಧ್ಯವೆಂದೇ ಹೇಳಿದರು, ಮತ್ತು ಮನುಷ್ಯರಿಗೆ ಅಸಾಧ್ಯವಾದದ್ದು ದೇವರಿಗೆ ಸಾಧ್ಯವೆಂದು ಕೂಡಲೇ ಸೇರಿಸಿದರು.

ಆದರೆ ಅವರು ಎಲ್ಲರಿಗೂ ಒಂದೇ ಆಜ್ಞೆ ಕೊಡಲಿಲ್ಲ. ಒಬ್ಬ ಧನವಂತನಿಗೆ ಇದ್ದದ್ದನ್ನೆಲ್ಲ ಮಾರೆಂದರು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಅರ್ಧ ಆಸ್ತಿಯನ್ನು ಬಡವರಿಗೆ ಕೊಡುತ್ತೇನೆ, ಅನ್ಯಾಯವಾಗಿ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎಂದಾಗ ಆ ಮನೆಗೆ ರಕ್ಷಣೆಯಾಯಿತೆಂದರು. ಮಾರ್ಥಳ ಮನೆಯಲ್ಲಿ ಅತಿಥಿಯಾಗಿ ಕುಳಿತಾಗ ಆ ಮನೆಯನ್ನು ಮಾರೆಂದು ಕೇಳಲಿಲ್ಲ. ಅಣ್ಣನಿಂದ ಆಸ್ತಿಯ ಪಾಲು ಕೊಡಿಸೆಂದು ಒಬ್ಬನು ಬಂದಾಗ ಅವರು ಹೇಳಿದ ಸಾಮ್ಯಕಥೆಯನ್ನು (ಲೂಕ 12) ದಯವಿಟ್ಟು ಮನೆಯವರೆಲ್ಲ ಕೂಡಿ ಓದಿರಿ. ಅದರಲ್ಲಿ ಬರುವ ಐಶ್ವರ್ಯವಂತನು ಕದ್ದವನೆಂದಾಗಲಿ, ಮೋಸ ಮಾಡಿದವನೆಂದಾಗಲಿ ಬರೆದಿಲ್ಲ. ಅವನ ಭೂಮಿ ಚೆನ್ನಾಗಿ ಬೆಳೆಯಿತು, ಅಷ್ಟೇ. ಅವನು ತನ್ನೊಳಗೇ ಮಾತಾಡಿಕೊಳ್ಳುತ್ತಾನೆ, ನನ್ನ ಬೆಳೆ, ನನ್ನ ಕಣಜ, ನನ್ನ ಪ್ರಾಣ ಎನ್ನುತ್ತಾನೆ, ಮತ್ತು ಆ ಮಾತಿನಲ್ಲಿ ದೇವರೂ ಇಲ್ಲ, ನೆರೆಯವನೂ ಇಲ್ಲ. ಹಳೆಯ ಕಣಜ ಸಾಲದೆ ದೊಡ್ಡದನ್ನು ಕಟ್ಟಬೇಕೆಂದಾಗ, ಹೆಚ್ಚಿನ ಧಾನ್ಯ ಯಾರ ಹಸಿವಿಗೆ ಸೇರಿದ್ದೆಂಬ ಪ್ರಶ್ನೆಯೇ ಅವನಿಗೆ ಹೊಳೆಯುವುದಿಲ್ಲ. ದೇವರು ಅವನನ್ನು ಬುದ್ಧಿಹೀನನೆಂದು ಕರೆದದ್ದು ಇದಕ್ಕಾಗಿಯೇ ಎಂದು ನಾನು ತಿಳಿಯುತ್ತೇನೆ.

ದುಡಿಮೆಯನ್ನು ಹೀನವಾಗಿ ಕಾಣುವ ಅಗತ್ಯವೂ ಇಲ್ಲ. ನಮ್ಮ ಕರಾವಳಿಯಲ್ಲಿ ಕ್ರೈಸ್ತರಾದವರು ಸ್ವಜಾತಿಯ ಆಸರೆಯನ್ನೂ ಜೀವನೋಪಾಯವನ್ನೂ ಕಳೆದುಕೊಂಡಾಗ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಶನ್ ಅವರಿಗೆ ಪ್ರಾರ್ಥನೆಯನ್ನಷ್ಟೇ ಕಲಿಸಲಿಲ್ಲ. ನೇಯ್ಗೆಯ ಮಗ್ಗಗಳನ್ನು ಹಾಕಿತು, 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆಯಿತು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಕ್ರೈಸ್ತ ಬೋಧಕ ಜಾನ್ ವೆಸ್ಲಿಯವರೂ ಸಾಧ್ಯವಾದಷ್ಟು ಗಳಿಸಿ, ಸಾಧ್ಯವಾದಷ್ಟು ಉಳಿಸಿ, ಸಾಧ್ಯವಾದಷ್ಟು ಕೊಡಿರಿ ಎಂದು ಬೋಧಿಸಿದರು. ವರ್ಷಕ್ಕೆ 30 ಪೌಂಡ್ ವರಮಾನವಿದ್ದಾಗ 28ರಲ್ಲಿ ಬದುಕಿ 2 ಪೌಂಡ್ ದಾನ ಮಾಡಿದ ಯುವಕನೊಬ್ಬನು, ವರಮಾನ 60 ಆದ ಮೇಲೂ 28ರಲ್ಲಿಯೇ ಬದುಕಿ 32 ಪೌಂಡ್ ಕೊಟ್ಟದ್ದನ್ನು ಅವರು ಬರೆದಿದ್ದಾರೆ. ಆ ಯುವಕ ವೆಸ್ಲಿಯವರೇ ಎಂದು ಸಾಮಾನ್ಯವಾಗಿ ತಿಳಿಯಲಾಗಿದೆ. ವರಮಾನ ಏರಿದಂತೆ ಅಗತ್ಯಗಳನ್ನೂ ಏರಿಸುತ್ತಾ ಹೋಗುವ ನಮ್ಮೆಲ್ಲರಿಗೆ ಈ ಲೆಕ್ಕ ನೋವುಂಟುಮಾಡುತ್ತದೆ, ನನಗಂತೂ ಮಾಡಿದೆ.

ಆದುದರಿಂದ ಮನೆ ಕಟ್ಟಿಸಿರಿ, ಆದರೆ ಎಷ್ಟು ಸಾಕೆಂಬುದನ್ನು ನೀವೂ ನಿಮ್ಮ ಪತಿಯೂ ಈಗಲೇ ಕುಳಿತು ನಿಶ್ಚಯಿಸಿರಿ, ಮತ್ತು ಆ ಮಾತಿನಲ್ಲಿ ಅತ್ತೆಯವರನ್ನೂ ಸೇರಿಸಿಕೊಳ್ಳಿರಿ. ಕೊಡುವ ಪಾಲನ್ನು ಗೃಹಪ್ರವೇಶದ ತನಕ ಮುಂದೂಡಬೇಡಿ. ಇನ್ನೊಂದು ಮಾತು ನಿಮ್ಮ ಪತ್ರದಲ್ಲಿ ಇಲ್ಲದಿದ್ದರೂ ಹೇಳುತ್ತೇನೆ: ತಡೆಹಿಡಿದ ಕೂಲಿಯು ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಎಂದು ಯಾಕೋಬನು ಹೊಸ ಒಡಂಬಡಿಕೆಯ ತನ್ನ ಪತ್ರಿಕೆಯಲ್ಲಿ ಐಶ್ವರ್ಯವಂತರಿಗೆ ಬರೆದಿದ್ದಾನೆ. ನಿಮ್ಮ ಮೇಸ್ತ್ರಿಗೂ, ಕಲ್ಲು ಹೊರುವ ಹೆಂಗಸರಿಗೂ ಸಂಬಳ ವಾರ ತಪ್ಪದೆ ಸಿಗುತ್ತಿದೆಯೇ ಎಂದು ನೀವೇ ಹೋಗಿ ವಿಚಾರಿಸಿರಿ.