ಸಂಪಾದಕರ ಉತ್ತರ: ನೆಟ್ಟ ಗಿಡ, ನಿಂತ ಕಾಡು

ಕುಮಟಾ ಕಡೆಯ ಯುವಕ ಸಂಘವೊಂದರ ಕಾರ್ಯದರ್ಶಿ ನಮಗೆ ಹೀಗೆ ಬರೆದಿದ್ದಾರೆ: "ನಮ್ಮ ಸಂಘ ಪ್ರತಿ ವರ್ಷ ವನಮಹೋತ್ಸವಕ್ಕೆ ಊರ ಬೆಟ್ಟದಲ್ಲಿ ಗಿಡ ನೆಡುತ್ತದೆ. ಈ ಸಲ ಭಾಷಣಕ್ಕೆ ಬಂದವರು, ಗಿಡ ನೆಟ್ಟರೆ ಭೂಮಿಯ ಬಿಸಿ ಇಳಿಯುತ್ತದೆ ಅನ್ನುವುದೆಲ್ಲ ಸುಳ್ಳು ಎಂದುಬಿಟ್ಟರು. ಹುಡುಗರಿಗೆ ಬೇಜಾರಾಗಿದೆ. ಕೆಲವರು, ಹಾಗಾದರೆ ಬೇಗ ಬೆಳೆಯುವ ಅಕೇಶಿಯಾವನ್ನೇ ನೆಡೋಣ, ಅದು ಇಂಗಾಲ ಜಾಸ್ತಿ ಹೀರುತ್ತದೆ ಅನ್ನುತ್ತಾರೆ. ನಾವು ಏನು ಮಾಡಬೇಕು?"

ಗಿಡ ನೆಡುವುದನ್ನು ಬಿಡಬೇಡಿ. ಆದರೆ ಅದಕ್ಕಿಂತ ಮೊದಲಿನ ಕೆಲಸ ಒಂದಿದೆ. ನಿಮ್ಮೂರಲ್ಲಿ ಈಗಾಗಲೇ ನಿಂತಿರುವ ಕಾಡನ್ನು ಉಳಿಸಿಕೊಳ್ಳಬೇಕು. ಭಾಷಣ ಮಾಡಿದವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಲೆಕ್ಕ ಹಾಕಿಯೇ ನೋಡೋಣ.

ಭೂಮಿಯ ಬಿಸಿ ಏರಿಸುವುದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್. ಮರ ಅದನ್ನು ಎಳೆದುಕೊಂಡು, ಅದರ ಇಂಗಾಲವನ್ನು ಕಾಂಡ, ಕೊಂಬೆ, ಬೇರುಗಳಲ್ಲಿ ಕೂಡಿಡುತ್ತದೆ. ಒಣ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲವೇ. ಒಂದು ಮತ್ತಿ ಮರ ಬೆಳೆದು ಅದರ ಒಣ ತೂಕ 1 ಟನ್ ಆಯಿತು ಅಂದುಕೊಳ್ಳಿ. ಅಷ್ಟಾಗುವ ಹೊತ್ತಿಗೆ ಅದು ಗಾಳಿಯಿಂದ ತೆಗೆದುಕೊಂಡ ಡೈಆಕ್ಸೈಡ್ ಸುಮಾರು 1.8 ಟನ್. ಇದಕ್ಕೆ ದಶಕಗಳೇ ಬೇಕು. ಇನ್ನು ಬೈಕಿನ ಲೆಕ್ಕ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಡೈಆಕ್ಸೈಡ್ ಹೊರಬರುತ್ತದೆ. ದಿನಕ್ಕೆ 30 ಕಿಲೋಮೀಟರ್ ಓಡುವ ಬೈಕು, ಲೀಟರಿಗೆ 45 ಮೈಲೇಜ್ ಕೊಟ್ಟರೂ, ವರ್ಷಕ್ಕೆ ಸುಮಾರು 560 ಕಿಲೋ ಬಿಡುತ್ತದೆ. ಮರ ದಶಕಗಟ್ಟಲೆ ಕೂಡಿಟ್ಟಿದ್ದನ್ನು ಒಂದೇ ಬೈಕು ಮೂರು ವರ್ಷ ಚಿಲ್ಲರೆಯಲ್ಲಿ ಖಾಲಿ ಮಾಡುತ್ತದೆ.

ಇಡೀ ಜಗತ್ತು ಕಲ್ಲಿದ್ದಲು, ಪೆಟ್ರೋಲ್, ಡೀಸೆಲ್, ಗ್ಯಾಸ್ ಉರಿಸಿ ವರ್ಷಕ್ಕೆ ಬಿಡುವುದು ಸುಮಾರು 3,700 ಕೋಟಿ ಟನ್ ಡೈಆಕ್ಸೈಡ್. ಇದಕ್ಕೆ ಸರಿಸಾಟಿಯಾಗುವಷ್ಟು ಗಿಡ ನೆಡಲು ಭೂಮಿಯ ಮೇಲೆ ಜಾಗವೇ ಇಲ್ಲ. ಉರಿಸುವುದನ್ನು ಕಡಿಮೆ ಮಾಡದೆ ಬಿಸಿ ಇಳಿಯುವುದಿಲ್ಲ.

ಇನ್ನರ್ಧವನ್ನು ಆ ಭಾಷಣಕಾರರು ಹೇಳಲಿಲ್ಲ ಅನ್ನಿಸುತ್ತದೆ. ಮನುಷ್ಯರು ಹೊರಬಿಡುವ ಡೈಆಕ್ಸೈಡಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿಯನ್ನು ನೆಲದ ಮೇಲಿನ ಕಾಡು, ಹಸಿರು, ಮಣ್ಣು ಪ್ರತಿ ವರ್ಷ ಹೀರಿಕೊಳ್ಳುತ್ತಿವೆ. ಅವು ಇಲ್ಲದಿದ್ದರೆ ನಮ್ಮ ಸ್ಥಿತಿ ಇನ್ನೂ ಕೆಟ್ಟಿರುತ್ತಿತ್ತು. ಈ ಕೆಲಸದ ಬಹುಪಾಲನ್ನು ಮಾಡುತ್ತಿರುವುದು ಮೊನ್ನೆ ನೆಟ್ಟ ಸಸಿಗಳಲ್ಲ, ಎಷ್ಟೋ ವರ್ಷದಿಂದ ನಿಂತಿರುವ ಕಾಡುಗಳು. ಅಂಥ ಕಾಡು ಕಡಿದರೆ ಎರಡು ಕಡೆ ನಷ್ಟ. ಹೀರುವುದು ನಿಲ್ಲುತ್ತದೆ. ಕೂಡಿಟ್ಟಿದ್ದೂ ಬಹುಪಾಲು ಗಾಳಿಗೆ ಹೋಗುತ್ತದೆ. ಒಂದು ಮರ ಕಡಿದರೆ ಹತ್ತು ಗಿಡ ನೆಡುತ್ತೇವೆ ಎಂಬ ಮಾತು ಯಾರ ಬಾಯಿಂದ ಬಂದರೂ ದಯವಿಟ್ಟು ನಂಬಬೇಡಿ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು, ಅಂದರೆ ರಾಮಪತ್ರೆ ಮರಗಳ ಜೌಗು ಕಾಡನ್ನು, ಯಾವ ನರ್ಸರಿಯ ಸಸಿ ಮತ್ತೆ ಕಟ್ಟೀತು?

ನಮ್ಮ ಜಿಲ್ಲೆಯ ಜನಕ್ಕೆ ಇದು ಹೊಸ ಪಾಠವಲ್ಲ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿ ಕಡೆಯವರು ಕಳಸೆ ಕಾಡಿಗೆ ಹೋಗಿ ಮರ ತಬ್ಬಿಕೊಂಡರು. ಅಪ್ಪಿಕೋ ಚಳವಳಿ ಶುರುವಾಗಿದ್ದೇ ಹಾಗೆ. ಉಳಿಸು, ಬೆಳೆಸು, ಬಳಸು ಎಂದು ಅವರು ಹೇಳಿದರು. ಹವಾಮಾನ ಬದಲಾವಣೆಯ ಮಾತು ನಮ್ಮ ಹಳ್ಳಿಗಳಿಗೆ ಬರುವ ಎಷ್ಟೋ ಮೊದಲೇ ಅವರಿಗೆ ಯಾವ ಕೆಲಸ ಮೊದಲು ಅನ್ನುವುದು ಗೊತ್ತಿತ್ತು.

ಈಗ ಅಕೇಶಿಯಾ ವಿಷಯ. ಅದು ಬೇಗ ಬೆಳೆಯುತ್ತದೆ, ದನ ಮುಟ್ಟುವುದಿಲ್ಲ, ಕಲ್ಲು ನೆಲದಲ್ಲೂ ನಿಲ್ಲುತ್ತದೆ. ಬೋಳು ಗುಡ್ಡಗಳಲ್ಲಿ ಅದನ್ನು ನೆಟ್ಟಿದ್ದು ಇದಕ್ಕಾಗಿಯೇ. ಊರಿಗೆ ಸೌದೆಯನ್ನೂ ಅದು ಕೊಟ್ಟಿದೆ, ಇಲ್ಲ ಅನ್ನುವುದಿಲ್ಲ. ಆದರೆ ಅದರ ಎಲೆ ಬೇಗ ಕೊಳೆಯುವುದಿಲ್ಲ. ಬುಡದಲ್ಲಿ ಬೇರೆ ಗಿಡ ಏಳುವುದು ಕಷ್ಟ. ಬೇಸಿಗೆಯಲ್ಲಿ ಆ ಒಣ ಎಲೆಯ ಹಾಸಿಗೆಗೆ ಬೆಂಕಿ ಬಿತ್ತೆಂದರೆ ಆರಿಸುವುದೇ ಸಾಹಸ. ಕೆಲವೇ ವರ್ಷಕ್ಕೆ ಕಡಿದು ಸೌದೆಗೋ ಕಾಗದದ ಕಾರ್ಖಾನೆಗೋ ಕಳಿಸಿದರೆ, ಹೀರಿದ ಇಂಗಾಲದಲ್ಲಿ ಹೆಚ್ಚಿನದು ಬಹಳ ದಿನ ಕಳೆಯದೆ ಗಾಳಿಗೆ ವಾಪಸ್ಸು. ನಿಧಾನವಾಗಿ ಬೆಳೆದು ನೂರು ವರ್ಷ ನಿಲ್ಲುವ ಹೊನ್ನೆ, ಮತ್ತಿ, ನಂದಿ, ಹಲಸು, ಮಾವು ನಿಮ್ಮ ಬೆಟ್ಟಕ್ಕೆ ಚೆನ್ನ. ಮುರುಗಲು, ಉಪ್ಪಾಗೆ ಹಾಕಿದರೆ ಊರಿಗೆ ನಾಲ್ಕು ಕಾಸೂ ಬರುತ್ತದೆ. ಕಾಸು ಕೊಡುವ ಮರಕ್ಕೆ ಕೊಡಲಿ ಬೀಳುವುದು ಕಡಿಮೆ.

ನೀವು ಕುಮಟಾದವರು. ಹಾಗಾಗಿ ಬೆಟ್ಟದ ಜೊತೆ ಹೊಳೆಯನ್ನೂ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಅಘನಾಶಿನಿಯ ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಶಕ್ತಿಯೆಲ್ಲ ಕಾಲ ಬುಡದ ಕೆಸರಿನಲ್ಲಿದೆ. ಆ ಕೆಸರಿಗೆ ಗಾಳಿ ಹೋಗುವುದಿಲ್ಲ. ಬಿದ್ದ ಎಲೆ, ಸತ್ತ ಬೇರು ಅಲ್ಲಿ ಬಹಳ ನಿಧಾನವಾಗಿ ಕೊಳೆಯುತ್ತವೆ. ಹಾಗಾಗಿ ಇಂಗಾಲ ನೂರಾರು ವರ್ಷ ಅಲ್ಲೇ ಹೂತಿರುತ್ತದೆ. ಒಂದು ಎಕರೆ ಕಾಂಡ್ಲಾ ಕಾಡು ಸಾಮಾನ್ಯ ಕಾಡಿಗಿಂತ ಎಷ್ಟೋ ಪಟ್ಟು ಜಾಸ್ತಿ ಇಂಗಾಲ ಇಟ್ಟುಕೊಳ್ಳಬಲ್ಲದು. ಅದನ್ನು ಕಡಿದು ಕೆಸರು ಅಗೆದು ಸಿಗಡಿ ಕೆರೆ ಮಾಡಿದರೆ ಹೂತಿದ್ದರಲ್ಲಿ ಬಹಳಷ್ಟು ಮತ್ತೆ ಗಾಳಿಗೆ ಬರುತ್ತದೆ. ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವ, ಹೊಳೆದಂಡೆಯ ಗಜನಿ ಗದ್ದೆಯ ಒಡ್ಡನ್ನು ಇದೇ ಕಾಂಡ್ಲಾ ಅಲೆಯಿಂದ ಕಾಯುತ್ತದೆ, ಮೀನಿನ ಮರಿಗಳನ್ನು ಸಾಕುತ್ತದೆ. ಸಮುದ್ರ ಏರುತ್ತಿರುವ ಕಾಲದಲ್ಲಿ ಈ ಒಡ್ಡು ಕಾಯುವ ಕೆಲಸ ಇಂಗಾಲದಷ್ಟೇ ದೊಡ್ಡದು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದೆ. ನಮಗೆಲ್ಲ ಹೆಮ್ಮೆಯ ವಿಷಯ ಅಲ್ವಾ? ಆದರೆ ಪಟ್ಟಿಗೆ ಸೇರಿದ ಮಾತ್ರಕ್ಕೆ ಹೊಳೆ ಉಳಿಯುವುದಿಲ್ಲ, ದಡದ ಊರಿನವರು ಕಣ್ಣಿಡಬೇಕು.

ಹಾಗೆಂದು ಬಯಲು ಕಂಡಲ್ಲೆಲ್ಲ ಗಿಡ ನೆಡಬೇಡಿ. ಬಳಚು (ಚಿಪ್ಪುಜೀವಿ) ಆರಿಸುವ, ಹಕ್ಕಿಗಳು ಮೇಯುವ ಕೆಸರು ಬಯಲು ಹಾಗೆಯೇ ಇರಲಿ. ಭಟ್ಕಳ, ಕುಮಟಾ ಕಡೆಯ ಕೆಂಪುಕಲ್ಲಿನ ಹಾಸಿನ ಮೇಲೆ ಮಳೆಗಾಲದಲ್ಲಿ ಏಳುವ ಹುಲ್ಲು, ಸಣ್ಣ ಹೂಗಳಿಗೆ ಆ ಬಯಲೇ ಮನೆ. ಮರ ಇಲ್ಲದ ಜಾಗವೆಲ್ಲ ಹಾಳು ಜಾಗವಲ್ಲ.

ನಿಮ್ಮ ಹುಡುಗರಿಗೆ ಕೆಲಸ ಹೇಳುವುದಾದರೆ ಹೀಗೆ ಹೇಳಿ. ಈ ವರ್ಷ ಗಿಡದ ಸಂಖ್ಯೆ ಕಡಿಮೆ ಮಾಡಿ. ಬದಲಿಗೆ ಬೆಟ್ಟದಲ್ಲಿ ಸುತ್ತಾಡಿ, ಕಡಿದ ಬುಡಗಳಿಂದ ಚಿಗುರಿದ ಮತ್ತಿ, ಕಿಂದಳಗಳನ್ನು ಗುರುತು ಹಾಕಿ. ಬೇರು ಗಟ್ಟಿ ಇರುವ ಅವು ಹೊಸ ಸಸಿಗಿಂತ ಬೇಗ ಏಳುತ್ತವೆ. ಅವಕ್ಕೆ ಬೇಕಾದ್ದು ಕತ್ತಿ, ಬೆಂಕಿ, ದನದಿಂದ ಕಾವಲು ಅಷ್ಟೆ. ಜನವರಿಯೊಳಗೆ ಬೆಟ್ಟದ ಅಂಚಿಗೆ ಬೆಂಕಿಗೆರೆ ಸವರಿ. ನೆಟ್ಟ ಸಸಿಗಳ ಬುಡಕ್ಕೆ ದರಕು, ಅಂದರೆ ಒಣ ಎಲೆ, ಹಾಸಿ, ಮುಳ್ಳಿನ ಬೇಲಿ ಕಟ್ಟಿ. ಗಿಡ ಸಾಯುವುದು ಜುಲೈನಲ್ಲಲ್ಲ, ಯಾರೂ ಫೋಟೊ ತೆಗೆಯದ ಮಾರ್ಚ್, ಏಪ್ರಿಲ್‌ನಲ್ಲಿ. ಹೇಗೆ ನಡೆಸಬೇಕು ಎಂದು ಕೇಳಲು ದೂರ ಹೋಗಬೇಕಿಲ್ಲ. ನಿಮ್ಮ ತಾಲೂಕಿನ ಹಳಕಾರಿನವರು 1920ರ ದಶಕದಿಂದ ತಮ್ಮ ಊರಿನ ಕಾಡನ್ನು ಗ್ರಾಮ ಅರಣ್ಯ ಪಂಚಾಯತಿ ಮಾಡಿಕೊಂಡು ತಾವೇ ನೋಡಿಕೊಂಡಿದ್ದಾರೆ. ಹುಡುಗರನ್ನು ಒಂದು ದಿನ ಅಲ್ಲಿಗೆ ಕರೆದುಕೊಂಡು ಹೋಗಿ, ಹಿರಿಯರ ಜೊತೆ ಕೂತು ಮಾತಾಡಿ.

ಮೇ ಕೊನೆಯಲ್ಲಿ ಒಂದು ಪತ್ರ ಬರೆಯಿರಿ. ಎಷ್ಟು ನೆಟ್ಟಿರಿ, ಎಷ್ಟು ಉಳಿದವು, ಸತ್ತವು ಯಾಕೆ ಸತ್ತವು ಎಂದು ಬಿಡಿಸಿ ತಿಳಿಸಿ. ಹಾಗೆಯೇ ಪ್ರಕಟಿಸುತ್ತೇವೆ. ಬೇರೆ ಊರಿನ ಸಂಘಗಳಿಗೂ ಅದು ಬೇಕು.