ಕಾಲೇಜಿನ ಗುಂಪಿನ ಜೊತೆ ಮೊದಲ ಸಲ ಇಟಲಿಗೆ ಹೋಗಿದ್ದು ಹೇಗಿತ್ತು?

ನೀವು ಕೇಳಿರುವುದು ಇಷ್ಟು: ಆರ್ಕಿಟೆಕ್ಚರ್ ಮೂರನೇ ವರ್ಷ, ಕಾಲೇಜಿನಿಂದ ಒಂಬತ್ತು ದಿನ ಇಟಲಿ, ಎರಡು ಲಕ್ಷಕ್ಕಿಂತ ಜಾಸ್ತಿ ಖರ್ಚು, ಮನೆಯಲ್ಲಿ ಇದುವರೆಗೆ ಯಾರೂ ವಿದೇಶ ನೋಡಿದವರಿಲ್ಲ. ನಲವತ್ತು ಜನರ ಗುಂಪಿನಲ್ಲಿ ಹೋದರೆ ನಿಜವಾಗಿ ಏನಾದರೂ ನೋಡಲು ಸಿಗುತ್ತದಾ, ಇಲ್ಲ ಬಸ್ಸಿನ ಕಿಟಕಿಯಲ್ಲೇ ಎಲ್ಲ ಮುಗಿದುಹೋಗುತ್ತದಾ?

ಎರಡೂ ಆಗುತ್ತದೆ. ನಾನು 2024ರ ಅಕ್ಟೋಬರ್ ಕೊನೆಯಲ್ಲಿ ಹೋಗಿದ್ದೆ. 38 ಹುಡುಗ ಹುಡುಗಿಯರು, ಇಬ್ಬರು ಮೇಷ್ಟ್ರು, ಒಂದು ಬಸ್ಸು.

ನಾನು ವಿಜಯಪುರದವಳು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣ ಇದೆ. ಗೋಲ್ ಗುಂಬಜ್ ನೋಡುತ್ತಾ ಬೆಳೆದವಳು ನಾನು. ನಮ್ಮ ಕಾಕಾ ಸರ್ಕಾರಿ ಶಾಲೆಯ ಮಾಸ್ತರು. 'ಜಗತ್ತಿನೊಳಗ ಎರಡನೇ ದೊಡ್ಡ ಗುಮ್ಮಟ ನಮ್ಮದು, ಮೊದಲನೇದು ರೋಮಿನ ಸೇಂಟ್ ಪೀಟರ್ಸ್ ಚರ್ಚಿಂದು' ಎಂದು ನನಗೆ ಹೇಳಿಕೊಟ್ಟವರು ಅವರೇ. ಹಾಗಾಗಿ ಟೂರಿನ ಸುದ್ದಿ ಬಂದಾಗ ಉಳಿದವರು ವೆನಿಸ್ಸಿನ ದೋಣಿ, ಪೀಸಾದ ವಾಲಿದ ಗೋಪುರ ಅನ್ನುತ್ತಿದ್ದರೆ ನನಗೆ ಒಂದೇ ಆಸೆ. ಅಲ್ಲಿನ ಗುಮ್ಮಟಗಳ ಕೆಳಗೆ ನಿಂತು ಮೇಲೆ ನೋಡಬೇಕು.

ಮೊದಲು ವೀಸಾ. ನಮ್ಮ ಅಪ್ಪ ದ್ರಾಕ್ಷಿ ಬೆಳೆಯುವವರು. ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಆದ್ದರಿಂದ ಅವರು ಯಾವತ್ತೂ ಐಟಿ ರಿಟರ್ನ್ ಹಾಕಿದವರಲ್ಲ. ವೀಸಾ ಅರ್ಜಿಗೆ ಮೊದಲು ಕೇಳುವುದೇ ಅದು. ಕೊನೆಗೆ ಕಾಕಾ ತಮ್ಮ ಸಂಬಳದ ಚೀಟಿ, ಮೂರು ವರ್ಷದ ರಿಟರ್ನ್ ಕೊಟ್ಟು, ಖರ್ಚು ನನ್ನದು ಎಂದು ಪತ್ರ ಬರೆದುಕೊಟ್ಟರು. ಅಪ್ಪನ ಪಹಣಿಯನ್ನೂ ಇಂಗ್ಲಿಷಿಗೆ ಅನುವಾದ ಮಾಡಿಸಿ ಸೇರಿಸಿದೆ. ನಿಮ್ಮ ಮನೆಯೂ ರೈತರದ್ದಾದರೆ ಈ ಕೆಲಸ ಈಗಲೇ ಶುರು ಮಾಡಿ. ಷೆಂಗೆನ್ ವೀಸಾಕ್ಕೆ (ಇಟಲಿಯೂ ಸೇರಿ ಯುರೋಪಿನ ಹಲವು ದೇಶಗಳಿಗೆ ಇದೊಂದೇ ವೀಸಾ) ಪ್ರಯಾಣದ ದಿನಕ್ಕಿಂತ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಜೊತೆಗೆ ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಕೊಡುವ ಪ್ರವಾಸ ವಿಮೆ ಬೇಕು. ಬೆರಳಚ್ಚು ಕೊಡಲು ನೀವೇ ಖುದ್ದಾಗಿ ಹೋಗಬೇಕು. ಗುಂಪಿನ ಅರ್ಜಿಯಲ್ಲಿ ಒಂದು ಕಷ್ಟ ಇದೆ. ಒಬ್ಬ ಬ್ಯಾಂಕ್ ಸ್ಟೇಟ್‌ಮೆಂಟ್ ತಡ ಮಾಡಿದರೆ ಎಲ್ಲರದ್ದೂ ತಡ. ನಮ್ಮಲ್ಲಿ ಇಬ್ಬರ ಪಾಸ್‌ಪೋರ್ಟ್ ಕೈಗೆ ಬಂದಿದ್ದು ವಿಮಾನ ಹತ್ತುವ ಎರಡು ದಿನ ಮುಂಚೆ. ಅವರ ಮುಖ ನೋಡುವಂತಿರಲಿಲ್ಲ.

ಅವ್ವನಿಗೆ ಇದ್ಯಾವುದರ ಚಿಂತೆಯೂ ಇರಲಿಲ್ಲ. 'ಅಲ್ಲಿ ಏನ್ ತಿಂತೀಯವ್ವಾ ನೀ?' ಅನ್ನುವುದೊಂದೇ. ಕಟಕ ರೊಟ್ಟಿ ಐವತ್ತು, ಶೇಂಗಾ ಚಟ್ನಿ ಒಂದು ಡಬ್ಬಿ. ತುಪ್ಪ ಕಟ್ಟಿದ್ದಳು, ನಾನೇ ತೆಗೆದಿಟ್ಟೆ. ಯುರೋಪಿನೊಳಕ್ಕೆ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ. ರೊಟ್ಟಿಗೆ ಯಾವ ತಕರಾರೂ ಬರಲಿಲ್ಲ.

ರೋಮಿನಲ್ಲಿ ಮೊದಲ ದಿನವೇ ಗುಂಪು ಅಂದರೆ ಏನು ಎಂದು ಗೊತ್ತಾಯಿತು. ಟೂರಿಸ್ಟ್ ಬಸ್ಸನ್ನು ಹಳೇ ಊರಿನೊಳಗೆ ಬಿಡುವುದಿಲ್ಲ. ಹೊರಗೆ ಎಲ್ಲೋ ಇಳಿಸುತ್ತಾರೆ, ಅಲ್ಲಿಂದ ನಡಿಗೆ. ಎಲ್ಲರ ಕೊರಳಿಗೆ ಒಂದೊಂದು ಪುಟ್ಟ ರೇಡಿಯೋ ಪೆಟ್ಟಿಗೆ, ಒಂದು ಕಿವಿಗೆ ಇಯರ್‌ಫೋನ್. ಗೈಡಮ್ಮ ಮುಂದೆ ಹಳದಿ ಛತ್ರಿ ಎತ್ತಿ ಹಿಡಿದು ನಡೆಯುತ್ತಾ ಮಾತಾಡುತ್ತಾಳೆ. ನೀವು ಫೋಟೋ ತೆಗೆಯಲು ನಿಂತರೆ ದನಿ ಕರಕರ ಅನ್ನಲು ಶುರುವಾಗುತ್ತದೆ. ಪೂರ್ತಿ ನಿಂತುಹೋಯಿತು ಅಂದರೆ ಕಳೆದುಹೋಗಿದ್ದೀರಿ ಎಂದರ್ಥ. ನಾನು ಎರಡು ಸಲ ಕಳೆದುಹೋದೆ.

ಟ್ರೆವಿ ಕಾರಂಜಿಯಲ್ಲಿ ಹನಿ ನೀರಿರಲಿಲ್ಲ, ರಿಪೇರಿ. 25 ವರ್ಷಕ್ಕೊಮ್ಮೆ ಬರುವ ಕ್ಯಾಥೊಲಿಕರ ಜುಬಿಲಿ 2025ಕ್ಕೆ ಇತ್ತಲ್ಲ, ಅದರ ತಯಾರಿ. ಅರ್ಧ ಊರಿಗೆ ಸಾರವೆ ಕಟ್ಟಿದ್ದರು. ಕಾರಂಜಿಗೆ ಎಸೆಯಬೇಕೆಂದು ನಾಣ್ಯ ಹಿಡಿದು ಬಂದವರು ಅದನ್ನು ಮತ್ತೆ ಜೇಬಿಗೆ ಹಾಕಿಕೊಂಡರು. ನನಗೆ ಅದಕ್ಕಿಂತ ಖುಷಿ ಕೊಟ್ಟಿದ್ದು ಬೀದಿ ನಲ್ಲಿಗಳು. ನಾಸೋನೆ ಅನ್ನುತ್ತಾರೆ, ದೊಡ್ಡ ಮೂಗು ಅಂತ ಅರ್ಥ. ಕಬ್ಬಿಣದ ಮೋಟು ಕಂಬ, ಅದಕ್ಕೊಂದು ಬಾಗಿದ ಮೂಗು, ಹಗಲೂ ರಾತ್ರಿ ಸುರಿಯುವ ತಣ್ಣೀರು. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮಿ ಸೀದಾ ಬಾಯಿಗೆ ಬರುತ್ತದೆ. 1870ರ ದಶಕದಿಂದ ಇವೆಯಂತೆ, ಊರಲ್ಲಿ ಸುಮಾರು 2,500. ಒಂದು ಖಾಲಿ ಬಾಟಲಿ ಸಾಕು, ಮೂರು ದಿನ ನೀರಿಗೆ ಒಂದು ಪೈಸೆ ಖರ್ಚಾಗಲಿಲ್ಲ.

ನೀರಿನ ಮಾತು ಬಂದಾಗ ಇನ್ನೊಂದು. ಯಾರೂ ಕೇಳುವುದಿಲ್ಲ, ಆದರೆ ಎಲ್ಲರ ಮನಸ್ಸಲ್ಲೂ ಇರುವ ಪ್ರಶ್ನೆ. ಇಟಲಿಯಲ್ಲಿ ಕಮೋಡಿನ ಪಕ್ಕದಲ್ಲೇ 'ಬಿಡೆ' ಎಂಬ ನಲ್ಲಿ ಇರುವ ತಗ್ಗು ಬೇಸಿನ್ ಇರುತ್ತದೆ, ತೊಳೆದುಕೊಳ್ಳುವುದಕ್ಕೆ. 1975ರಿಂದ ಮನೆಗಳಿಗೆ ಕಾನೂನೇ ಇದೆ. ನಮ್ಮ ಹೋಟೆಲುಗಳಲ್ಲೂ ಇತ್ತು. ನಿಶ್ಚಿಂತೆಯಿಂದ ಹೋಗಿ.

ಎರಡನೇ ದಿನ ಪ್ಯಾಂಥಿಯನ್, ಹಳೇ ರೋಮನ್ನರ ದೇವಾಲಯ. ಟಿಕೆಟ್ ಆಗ 5 ಯೂರೋ ಇತ್ತು. ಗೈಡಮ್ಮ ಕೊಟ್ಟಿದ್ದು ಮೂವತ್ತು ನಿಮಿಷ. ಅಷ್ಟರಲ್ಲಿ ಮಳೆ ಶುರುವಾಯಿತು. ಆ ಗುಮ್ಮಟದ ನೆತ್ತಿಯಲ್ಲಿ ಒಂದು ದುಂಡು ಕಂಡಿ ಇದೆ. ಅದಕ್ಕೆ ಗಾಜಿಲ್ಲ, ಮುಚ್ಚಳ ಇಲ್ಲ. ಮಳೆ ಒಳಗೇ ಬೀಳುತ್ತದೆ. ಕೆಳಗೆ ಹಗ್ಗ ಕಟ್ಟಿ ಜಾಗ ಬಿಟ್ಟಿದ್ದರು. ಕಂಡಿಯಿಂದ ಇಳಿಯುವ ಹನಿಗಳು ಬೆಳಕಿನಲ್ಲಿ ಬೆಳ್ಳಿ ದಾರದ ಹಾಗೆ ಕಾಣುತ್ತಿದ್ದವು. ಅಷ್ಟು ಎತ್ತರದಿಂದ ಬರುವ ಹೊತ್ತಿಗೆ ಚದುರಿ ಚದುರಿ, ನೆಲ ಮುಟ್ಟಿದಾಗ ಸದ್ದೇ ಇಲ್ಲ. ನಾನು ಬಗ್ಗಿ ನೋಡಿದೆ. ನೆಲ ನಡುವೆ ಸ್ವಲ್ಪ ಉಬ್ಬಿದೆ, ಅಮೃತಶಿಲೆಯಲ್ಲಿ ಸಣ್ಣ ಸಣ್ಣ ತೂತುಗಳಿವೆ, 22. ನೀರು ಹರಿದು ಅಲ್ಲಿ ಇಳಿದು ಹೋಗುತ್ತದೆ. ಸುಮಾರು 1,900 ವರ್ಷ ಹಳೇ ಕಟ್ಟಡ. ಒಳಗಿನ ಅಗಲ 43.3 ಮೀಟರ್, ನೆಲದಿಂದ ಕಂಡಿಯ ಎತ್ತರವೂ ಅಷ್ಟೇ. ಕಾಂಕ್ರೀಟು, ಒಳಗೆ ಒಂದು ಕಬ್ಬಿಣದ ಸರಳಿಲ್ಲ. ಕೆಳಗೆ ಭಾರದ ಕಲ್ಲು ಬೆರೆಸಿ, ಮೇಲೆ ಹೋದ ಹಾಗೆ ಪ್ಯೂಮಿಸ್ ಎಂಬ ಹಗುರ ಕಲ್ಲು ಬೆರೆಸಿ, ದಪ್ಪವನ್ನೂ ಕಡಿಮೆ ಮಾಡುತ್ತಾ ಹೋಗಿದ್ದಾರೆ. ಕ್ಲಾಸಿನಲ್ಲಿ ಸ್ಲೈಡ್ ನೋಡಿ ಇದನ್ನೆಲ್ಲ ಬರೆದುಕೊಂಡಿದ್ದೆ. ಅದರ ಕೆಳಗೆ ನಿಂತಾಗ ಒಂದೂ ನೆನಪಾಗಲಿಲ್ಲ. ಕುತ್ತಿಗೆ ನೋಯುವವರೆಗೆ ಸುಮ್ನೆ ನೋಡಿದೆ.

ಗುಮ್ಮಟದ ಕೆಳಗೆ ನಿಂತರೆ ವಿಜಯಪುರದವರಿಗೆ ಒಂದು ಚಟ ಇದೆ, ಕೂಗಬೇಕು ಅನಿಸುತ್ತದೆ. ಗೋಲ್ ಗುಂಬಜಿನ ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಏಳೇಳು ಸಲ ಮರುದನಿ ಬರುತ್ತದಲ್ಲ, ಶಾಲೆ ಮಕ್ಕಳು ಅಲ್ಲಿ ಕಿವಿ ಹರಿಯುವ ಹಾಗೆ ಕಿರುಚುತ್ತಾರೆ. ಇಲ್ಲೂ ನನ್ನ ಎರಡೂ ಕೈ ತಾವಾಗಿಯೇ ಮೇಲೆದ್ದವು. ಅಷ್ಟರಲ್ಲಿ ಸ್ಪೀಕರಿನಲ್ಲಿ 'ಸಿಲೆನ್ಜಿಯೊ' ಎಂದು ಗಂಭೀರವಾದ ದನಿ. ಮತ್ತೆ ಅದೇ ಇಂಗ್ಲಿಷಿನಲ್ಲಿ. ಇದು ಈಗ ಚರ್ಚು, ಸದ್ದು ಮಾಡಬಾರದು. ಕೈ ಕೆಳಗಿಳಿಸಿದೆ.

ಊಟದ ಬಗ್ಗೆ. ಸಸ್ಯಾಹಾರಿಗಳಿಗೆ ಏನೂ ತೊಂದರೆ ಇಲ್ಲ ಎಂದು ಟೂರಿನವರು ಹೇಳಿರುತ್ತಾರೆ. ಮೂರು ದಿನ ನಿಜವಾಗಿಯೂ ತೊಂದರೆ ಇಲ್ಲ. ನಾಲ್ಕನೇ ದಿನ ಪಾಸ್ತಾ ಕಂಡರೆ ಅಳು ಬರುತ್ತದೆ. ನನ್ನ ರೂಮ್‌ಮೇಟ್ ಎಲ್ಲ ಕಡೆ 'ಪೆಪೆರೋನಿ' ಎಂದು ಬರೆದ ಪಿಜ್ಜಾ ನೋಡಿ, ಅಯ್ಯೋ ಮಾಂಸ ಎಂದು ದೂರ ಸರಿಯುತ್ತಿದ್ದಳು. ಐದನೇ ದಿನ ಪಕ್ಕದ ಮೇಜಿಗೆ ಅದು ಬಂದಾಗ ನೋಡಿದರೆ ಮೇಲೆ ಇದ್ದಿದ್ದು ದೊಣ್ಣೆ ಮೆಣಸಿನಕಾಯಿ! ಇಟಾಲಿಯನ್ನಿನಲ್ಲಿ ಆ ಪದದ ಅರ್ಥವೇ ಅದು. ನಮ್ಮೂರಿನ ಪಿಜ್ಜಾ ಅಂಗಡಿಗಳಲ್ಲಿ ಹೇಳುವ ಪೆಪ್ಪರೋನಿ ಅಮೆರಿಕದ್ದು, ಬೇರೆ. ಚೀಸಿನ ವಿಷಯದಲ್ಲಿ ಕಟ್ಟುನಿಟ್ಟಿನವರಾದರೆ ಇದು ಗೊತ್ತಿರಲಿ: ಪಾರ್ಮೆಸಾನ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಎಂಬ ಹಾಲು ಗಟ್ಟಿ ಮಾಡುವ ಪದಾರ್ಥ ಬಳಸುತ್ತಾರೆ. 'ಮರಿನಾರಾ' ಪಿಜ್ಜಾಕ್ಕೆ ಚೀಸೇ ಇಲ್ಲ, ಟೊಮೆಟೊ, ಬೆಳ್ಳುಳ್ಳಿ ಅಷ್ಟೇ. ಕಾಫಿ ನಿಂತು ಕುಡಿಯಿರಿ. ಕೂತರೆ ರೇಟು ಜಾಸ್ತಿ. ರಾತ್ರಿ ಹೋಟೆಲ್ ರೂಮಿನಲ್ಲಿ ನನ್ನ ರೊಟ್ಟಿ ಡಬ್ಬಿ ತೆರೆದರೆ ಎಲ್ಲ ಪುಡಿಪುಡಿ. ಚಟ್ನಿಗೆ ಅಲ್ಲಿಯ ಆಲಿವ್ ಎಣ್ಣೆ ಕಲಸಿ ಎಂಟು ಜನ ನೆಲದ ಮೇಲೆ ಕೂತು ತಿಂದೆವು. ತುಪ್ಪದ ನೆನಪಾಗಲಿಲ್ಲ ಅಂದರೆ ಸುಳ್ಳು.

ಭಾನುವಾರ ಬೆಳಿಗ್ಗೆ ಫ್ಲಾರೆನ್ಸಿಗೆ ಹೊರಡಬೇಕು, ಏಳೂವರೆಗೆ ಬಸ್ಸು. ಅಕ್ಟೋಬರಿನ ಕೊನೆಯ ಭಾನುವಾರ ಯುರೋಪಿನಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಫೋನು ತಾನಾಗಿಯೇ ಬದಲಾಯಿಸಿಕೊಂಡಿತ್ತು. ನಮ್ಮ ಮೇಷ್ಟ್ರೊಬ್ಬರು ಕೈಗಡಿಯಾರ ನಂಬುವವರು. ಪಾಪ, ಆ ಚಳಿಯಲ್ಲಿ ಸೂಟ್‌ಕೇಸ್ ಇಟ್ಟುಕೊಂಡು ಒಂದು ತಾಸು ಒಬ್ಬರೇ ನಿಂತಿದ್ದರು. ನಾವು ಬಂದ ಮೇಲೆ ಎಲ್ಲರಿಗೂ ಬೈದರು. ಮನೆಗೆ ಫೋನ್ ಮಾಡುವಾಗಲೂ ಲೆಕ್ಕ ಬದಲು. ಅದುವರೆಗೆ ಮೂರೂವರೆ ತಾಸಿನ ವ್ಯತ್ಯಾಸ, ಅವತ್ತಿನಿಂದ ನಾಲ್ಕೂವರೆ. ಆದರೆ ಬಸ್ಸಿಗೆ ತಡ ಮಾಡಿ ಡ್ರೈವರನ್ನು ಒಪ್ಪಿಸಬಹುದು ಅಂದುಕೊಳ್ಳಬೇಡಿ. ನಾಲ್ಕೂವರೆ ತಾಸು ಓಡಿಸಿದರೆ 45 ನಿಮಿಷ ವಿಶ್ರಾಂತಿ ಅಲ್ಲಿಯ ಕಾನೂನು. ಗಾಡಿಯಲ್ಲಿರುವ ಯಂತ್ರ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತದೆ. 'ಅಡ್ಜಸ್ಟ್ ಮಾಡ್ಕೊಳ್ಳಿ' ಅನ್ನುವ ಮಾತಿಗೆ ಅಲ್ಲಿ ಅನುವಾದ ಇಲ್ಲ.

ಸೋಮವಾರ ಉಫಿಜಿ ಮ್ಯೂಸಿಯಂ ಎಂದು ಪಟ್ಟಿಯಲ್ಲಿತ್ತು. ಉಫಿಜಿಗೆ ಸೋಮವಾರ ರಜಾ. ಮೈಕೆಲಾಂಜೆಲೋನ ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ ಮ್ಯೂಸಿಯಂಗೂ ರಜಾ. ಟೂರಿನವರು ಇದನ್ನು ನೋಡಿರಲೇ ಇಲ್ಲ. 38 ಜನ ಮುಚ್ಚಿದ ಬಾಗಿಲ ಮುಂದೆ ನಿಂತು ಗ್ರೂಪ್ ಫೋಟೋ ತೆಗೆಸಿಕೊಂಡರು, ಆಮೇಲೆ 'ಫ್ರೀ ಟೈಮ್' ಎಂದು ಶಾಪಿಂಗಿಗೆ ಬಿಟ್ಟರು. ನೀವು ದುಡ್ಡು ಕಟ್ಟುವ ಮುಂಚೆ ದಿನದ ಪಟ್ಟಿ ಇಸಿದುಕೊಂಡು, ಪ್ರತಿ ಜಾಗದ ರಜಾ ದಿನ ನೀವೇ ನೋಡಿ. ದಿನಕ್ಕೆ ಎಷ್ಟು ತಾಸು ಬಸ್ಸಿನಲ್ಲಿ, ಹೋಟೆಲು ಊರೊಳಗಾ ಹೊರಗಾ, ಇದನ್ನೂ ಕೇಳಿ. ಪಟ್ಟಿಯಲ್ಲಿ 'ನೋಡುವುದು' ಎಂದು ಬರೆದ ಕಡೆ ಒಳಗೆ ಹೋಗುವ ಟಿಕೆಟ್ ಇದೆಯಾ, ಇಲ್ಲ ಹೊರಗಿನಿಂದ ನೋಡುವುದಾ ಎಂದು ಬಾಯಿಬಿಟ್ಟು ಕೇಳಿ.

ನಾನು ಮಾತ್ರ ಅವತ್ತು ಬಚಾವ್. ಮನೆಯಿಂದ ಹೊರಡುವ ಮುಂಚೆಯೇ, ಏನಾದರಾಗಲಿ ಎಂದು, ಫ್ಲಾರೆನ್ಸಿನ ಕೆಥೆಡ್ರಲ್, ಅಂದರೆ ಊರಿನ ಮುಖ್ಯ ಚರ್ಚಿನ, ಗುಮ್ಮಟ ಹತ್ತುವ ಟಿಕೆಟನ್ನು ಆನ್‌ಲೈನಿನಲ್ಲಿ ತೆಗೆದಿಟ್ಟಿದ್ದೆ. ಇನ್ನೂ ಮೂವರನ್ನು ಕಾಡಿ ತೆಗೆಸಿದ್ದೆ. ಅಲ್ಲಿ ಇಂತಿಷ್ಟು ಗಂಟೆಗೆ ಎಂದು ಸಮಯ ಗೊತ್ತು ಮಾಡಿ ಕೊಡುತ್ತಾರೆ, ಹೋದ ಮೇಲೆ ಕೇಳಿದರೆ ಸಿಗುವುದು ಕಷ್ಟ.

463 ಮೆಟ್ಟಿಲು, ಲಿಫ್ಟ್ ಇಲ್ಲ. ಈ ಗುಮ್ಮಟಕ್ಕೆ ಎರಡು ಪದರ. ಒಳಗಿನದು ದಪ್ಪ, ಹೊರಗಿನದು ತೆಳು. ನಡುವಿನ ಸಂದಿನಲ್ಲೇ ಮೆಟ್ಟಿಲು. ಮೇಲೆ ಹೋದ ಹಾಗೆ ಗೋಡೆ ವಾಲುತ್ತಾ ಬಂದು ನಿಮ್ಮ ಭುಜಕ್ಕೆ ಒರಗುತ್ತದೆ. ನೇರ ನಿಲ್ಲಲು ಆಗುವುದಿಲ್ಲ, ಗುಮ್ಮಟದ ಆಕಾರಕ್ಕೇ ನೀವೂ ಬಾಗಬೇಕು. ಒಂದು ಕಡೆ ಗಿಲಾವು ಇಲ್ಲದೆ ಇಟ್ಟಿಗೆ ಬರಿದಾಗಿ ಕಾಣುತ್ತದೆ. ಸಾಲಾಗಿ ಮಲಗಿಸಿದ ಇಟ್ಟಿಗೆಗಳ ನಡುವೆ ನಡುವೆ ಒಂದೊಂದನ್ನು ನಿಲ್ಲಿಸಿದ್ದಾರೆ, ಮೀನಿನ ಮುಳ್ಳಿನ ಹಾಗೆ ಅದು ಸುರುಳಿಯಾಗಿ ಮೇಲೇರುತ್ತದೆ. ಗಾರೆ ಇನ್ನೂ ಹಸಿ ಇರುವಾಗ ಮಲಗಿದ ಇಟ್ಟಿಗೆ ಜಾರದ ಹಾಗೆ ನಿಂತ ಇಟ್ಟಿಗೆ ಹಿಡಿದುಕೊಳ್ಳುತ್ತದೆ. ಬ್ರುನೆಲ್ಲೆಸ್ಕಿ ಅನ್ನುವವನು 1420ರಿಂದ 1436ರವರೆಗೆ ಇದನ್ನು ಕಟ್ಟಿದ್ದು ಹೀಗೆ, ಕೆಳಗಿನಿಂದ ಸೆಂಟ್ರಿಂಗ್ ಹೊಡೆಯದೆ. ಅವನು ಕಲಿತಿದ್ದು ಅಕ್ಕಸಾಲಿಗನ ಕೆಲಸ. ನಾನು ಕೈಯಿಟ್ಟು ನೋಡಿದೆ. ಇಟ್ಟಿಗೆ ತಣ್ಣಗಿತ್ತು, ಅಂಚು ಒರಟು. ಹಿಂದಿದ್ದ ಅಜ್ಜಿಯೊಬ್ಬರು 'ಸ್ಕೂಝಿ' ಎಂದರು, ದಾರಿ ಬಿಡಬೇಕಾಯಿತು. ಅಷ್ಟರಲ್ಲೇ ಆ ಪ್ರವಾಸದ ದುಡ್ಡು ನನಗೆ ವಾಪಸ್ ಬಂದಿತ್ತು.

ವೆನಿಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾಲ್ಕು ತಾಸು, ಜನಜಾತ್ರೆ. ಹೋಟೆಲು ಆಚೆ ದಡದ ಮೆಸ್ತ್ರೆಯಲ್ಲಿ. ಸಂಜೆ ನಾವು ಐದು ಜನ ರೈಲಿನಲ್ಲಿ ಮತ್ತೊಮ್ಮೆ ಹೋದೆವು. ಕಾಗದದ ಟಿಕೆಟನ್ನು ಹತ್ತುವ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸಬೇಕು. ನಮಗೆ ಗೊತ್ತಿರಲಿಲ್ಲ. ಒಂದೂವರೆ ಯೂರೋ ಟಿಕೆಟಿಗೆ ತಲಾ ಐವತ್ತು ಯೂರೋ ದಂಡ. ತಪ್ಪು ನಮ್ಮದೇ, ಆದರೂ ಹೊಟ್ಟೆ ಉರಿಯಿತು.

ಹೋಗಬೇಕಾ? ಬಡ್ಡಿಗೆ ಸಾಲ ಮಾಡದೆ ಆಗುವುದಾದರೆ ಹೋಗಿ. ಸಾಲ ಮಾಡಿಯೇ ಆಗಬೇಕು ಅಂದರೆ ಬೇಡ, ಆ ಗುಮ್ಮಟಗಳು ಎಲ್ಲಿಗೂ ಹೋಗುವುದಿಲ್ಲ. ಹೋಗುವುದಾದರೆ ಗುಂಪಿನ ಪಟ್ಟಿಯಲ್ಲಿ ಇಲ್ಲದ ನಿಮ್ಮದೇ ಒಂದು ಜಾಗಕ್ಕೆ ಈಗಲೇ ಟಿಕೆಟ್ ತೆಗೆದಿಡಿ, ಅದನ್ನು ಮೇಷ್ಟ್ರಿಗೆ ಮೊದಲೇ ಹೇಳಿ ಒಪ್ಪಿಸಿ.

ವಾಪಸ್ ಬಂದು ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದೆ. ಕಾಕಾಗೆ ಲೆಕ್ಕ ಒಪ್ಪಿಸಬೇಕಲ್ಲ. ಕಾಗದದ ಮೇಲೆ ನಾಲ್ಕೂ ಗುಮ್ಮಟದ ಒಳ ಅಗಲ ಬರೆದು ತೋರಿಸಿದೆ. ಫ್ಲಾರೆನ್ಸಿನದು ಸುಮಾರು 45 ಮೀಟರ್, ಪ್ಯಾಂಥಿಯನ್ 43, ಸೇಂಟ್ ಪೀಟರ್ಸ್ 41 ಚಿಲ್ಲರೆ, ನಮ್ಮದು 38ರ ಹತ್ತಿರ. ಸೇಂಟ್ ಪೀಟರ್ಸೇ ಮೊದಲನೇದಲ್ಲ, ನಮ್ಮದು ಎರಡನೇದಲ್ಲ. ಕಾಕಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಕಾಗದ ನೋಡಿದರು.

'ಹಂಗಂದ್ರ ಮೂವತ್ತು ವರ್ಷ ನಾ ಸುಳ್ಳು ಪಾಠ ಮಾಡೀನೇನು?'

ನಾನು ಸುಮ್ಮನಿದ್ದೆ.

'ಹೊರಗಿಂದ ಅಳದ್ರ ನಮ್ದು ಎಷ್ಟು?'

'44, ಕಾಕಾ.'

'ಹಂಗ ಬರಿ ಮತ್ತ,' ಎಂದು ಪೆನ್ನು ಕೊಟ್ಟರು.