ಹೊಸ 7520ಯು ಲ್ಯಾಪ್‌ಟಾಪ್ ಹಳೇ 5625ಯುಗಿಂತ ನಿಧಾನ ಯಾಕೆ?

ಹೊಸ ರೈಜೆನ್ 5 7520ಯು ಲ್ಯಾಪ್‌ಟಾಪ್ ನಿಮ್ಮ ಹಳೇ 5625ಯುಗಿಂತ ನಿಧಾನ ಅಂದಿರಲ್ಲ, ಕಾರಣ ಬಹುಶಃ ಅದರ ಚಿಪ್ಪೇ (ಪ್ರೊಸೆಸರ್). ರೈಜೆನ್ ತಯಾರಿಸುವ ಎಎಂಡಿಯ 2023ರ ಲ್ಯಾಪ್‌ಟಾಪ್ ಚಿಪ್ ಹೆಸರುಗಳಲ್ಲಿ ವಿನ್ಯಾಸ ಯಾವುದೆಂದು ಹೇಳುವುದು ಮೂರನೇ ಅಂಕಿ. ನಿಮ್ಮದರಲ್ಲಿ ಅದು 2, ಅಂದರೆ 2019ರಲ್ಲಿ ಬಂದ ಝೆನ್ 2, ನಾಲ್ಕೇ ಕೋರ್ (ಚಿಪ್‌ನೊಳಗೆ ಕೆಲಸ ಮಾಡುವ ಘಟಕ). ಹಳೆಯದು ಝೆನ್ 3, ಆರು ಕೋರ್. ಕೊಳ್ಳುವವರಿಗೆ ಇದು ನಿಜಕ್ಕೂ ಗೊಂದಲ.

ಮೊದಲು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ (ರ‍್ಯಾಮ್) ಎಷ್ಟು ತುಂಬಿದೆ ನೋಡಿ. ಸದಾ ತುಂಬಿದ್ದರೆ, ಲ್ಯಾಪ್‌ಟಾಪ್ ಆನ್ ಆದಾಗ ತಾನಾಗಿಯೇ ಶುರುವಾಗುವ ಸ್ಟಾರ್ಟಪ್ ಆ್ಯಪ್‌ಗಳನ್ನು ನಿಲ್ಲಿಸಿ. ಸ್ವಲ್ಪ ಸುಧಾರಿಸಬಹುದು, ಜಾಸ್ತಿ ಭರವಸೆ ಕೊಡಲಾರೆ. ರ‍್ಯಾಮ್ ಹಾಕಿಸೋಣ ಅಂದ್ಕೋಬೇಡಿ, ಈ ಚಿಪ್ ಜೊತೆ ಬರುವ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ವಾಪಸ್ ಕೊಡುವ ಅವಧಿ ಇನ್ನೂ ಇದ್ದರೆ ಇವತ್ತೇ ಕೊಡಿ. ಬದಲಿಗೆ ರೈಜೆನ್ 5 7530ಯು, 7540ಯು ಅಥವಾ ಇಂಟೆಲ್ ಐ5-1235ಯು ಚಿಪ್ ಇರುವ ಲ್ಯಾಪ್‌ಟಾಪ್ ಕೇಳಿ.